ಅಜ್ಜನ ಜೀಪು ಕೊಟ್ಟಿಗೆಯಿಂದ ಹೊರಗೆ ಬಂತು, ಈಗ ಮುಂದೇನು?

ತುಕ್ಕುರಾಯ (ಮುಧೋಳ ತಾಲೂಕು), ಡಿಸೆಂಬರ್ 14, ರಾತ್ರಿ 10:20

ಎಲ್ಲರಿಗೂ ನಮಸ್ಕಾರ ರೀ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಈಗ ಸಿಕ್ಕಿಬಿದ್ದಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಅಜ್ಜನದೊಂದು ಜೀಪು ಇದೆ. ಮಹೀಂದ್ರಾ ಸಿಜೆ3ಬಿ, ಪೆಟ್ರೋಲ್. ಆರ್‌ಸಿ ಪುಸ್ತಕದಲ್ಲಿ 1969 ಅಂತ ಇದೆ. ಗೊಬ್ಬರದ ಚೀಲ, ಮದುವೆ ದಿಬ್ಬಣ, ಹೆರಿಗೆಗೆ ಹೊರಟ ಹೆಣ್ಣುಮಕ್ಕಳು, ಎಲ್ಲ ಅದರಲ್ಲೇ. ನಮ್ಮ ಅಪ್ಪ ಹುಟ್ಟಿದ್ದು ಎತ್ತಿನ ಗಾಡಿಯ ಕಾಲದಲ್ಲಿ, ನಮ್ಮ ಸಣ್ಣತ್ತೆ ಹುಟ್ಟಿದ್ದು ಈ ಜೀಪಿನ ಹಿಂದಿನ ಸೀಟಿನಲ್ಲಿ. 2004ರಲ್ಲಿ ಅಜ್ಜ ತೀರಿಕೊಂಡ ಮೇಲೆ ದನದ ಕೊಟ್ಟಿಗೆಯ ಮೂಲೆ ಸೇರಿತು. 2019ರ ಆಗಸ್ಟಿನಲ್ಲಿ ಘಟಪ್ರಭೆ ಊರೊಳಗೆ ಬಂದಾಗ ಮೂರು ದಿನ ಸೀಟಿನ ಮಟ್ಟ ನೀರಿನಲ್ಲಿ ನಿಂತಿತ್ತು. ನೀರು ಇಳಿದ ಮೇಲೂ ಯಾರೂ ಅದರ ಕಡೆ ನೋಡಲಿಲ್ಲ. ಮನೆ ತೊಳೆಯುವುದೇ ದೊಡ್ಡ ಕೆಲಸವಾಗಿತ್ತು.

ನಾನು ಲೆಕ್ಕ ಬರೆಯುವ ಕೆಲಸದವನು. ಪಾನಾ (ಸ್ಪ್ಯಾನರ್) ಹಿಡಿದವನಲ್ಲ. ಹೋದ ಭಾನುವಾರ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಜೀಪನ್ನು ಅಂಗಳಕ್ಕೆ ಎಳೆದೆವು. ಚಕ್ರ ತಿರುಗಲಿಲ್ಲ, ಜಾರಿಕೊಂಡೇ ಬಂತು. ಇಂಜಿನ್ ಜಾಮ್. ಎಡಗಡೆ ಕಾಲಿಡುವ ಜಾಗದಲ್ಲಿ ಒತ್ತಿದರೆ ಬೆರಳು ಆಚೆ ಹೋಗುತ್ತೆ. ಇಷ್ಟು ವರ್ಷ ಎತ್ತುಗಳ ಗಂಜಲ ಹರಿದದ್ದು ಆ ಕಡೆಗೇ. ಚಾಸಿ, ಅಂದರೆ ಗಾಡಿಯ ಅಡಿಯ ಕಬ್ಬಿಣದ ಚೌಕಟ್ಟಿನ ಮೇಲೆ ಹೊಳೆಯ ಎರೆ ಮಣ್ಣು ಸಿಮೆಂಟಿನ ಹಾಗೆ ಕೂತಿದೆ.

ಹುರುಪಿಗೆ ಬಿದ್ದು ಬಾನೆಟ್, ಎರಡೂ ಮಡ್‌ಗಾರ್ಡ್, ಸೀಟು, ಡ್ಯಾಶ್‌ಬೋರ್ಡ್ ಎಲ್ಲ ಬಿಚ್ಚಿದೆ. ಬೋಲ್ಟುಗಳನ್ನು ಒಂದೇ ತುಪ್ಪದ ಡಬ್ಬಿಗೆ ಹಾಕಿದ್ದೇನೆ. ಈಗ ಆ ಡಬ್ಬಿ ನೋಡಿದರೆ ಎದೆ ಧಸಕ್ ಅನ್ನುತ್ತೆ. ಅರ್ಧ ಬೋಲ್ಟುಗಳ ತಲೆ ದುಂಡಗಾಗಿವೆ. ಎಡಗಡೆ ಹಿಂದಿನ ಚಕ್ರದ ನಟ್ಟಿಗೆ ಪಾನಾ ಹಾಕಿ, ಪಾನಾಕ್ಕೆ ಪೈಪ್ ಹಾಕಿ, ಪೈಪಿನ ಮೇಲೆ ನಾನು ಹತ್ತಿ ನಿಂತೆ. ನಟ್ಟಿನ ಜೊತೆ ಅದು ಕೂರುವ ಸ್ಟಡ್ಡೇ (ತಿರುಪಿನ ಕಡ್ಡಿ) ಮುರಿದು ಬಂತು. ಒಂದಲ್ಲ, ಎರಡು.

ಪಕ್ಕದ ಮನೆಯವರು ಸಂಡಾಸು ತೊಳೆಯುವ ಆ್ಯಸಿಡ್ ಸುರಿ, ತುಕ್ಕೆಲ್ಲ ಹೋಗುತ್ತೆ ಅನ್ನುತ್ತಾರೆ. ಸುರಿಯಲಾ?

ಖಾಲಿ ಟ್ಯಾಂಕ್ (ಹುಬ್ಬಳ್ಳಿ), ಡಿಸೆಂಬರ್ 14, ರಾತ್ರಿ 10:41

ಭಂಗಾರದವನಿಗೆ, ಅಂದರೆ ಗುಜರಿಯವನಿಗೆ, ತೂಕದ ಲೆಕ್ಕದಲ್ಲಿ ಕೊಟ್ಟುಬಿಡಿ. ನೀವು ಹಾಕುವ ದುಡ್ಡಿನಲ್ಲಿ ಒಂದು ಒಳ್ಳೆ ಸೆಕೆಂಡ್ ಹ್ಯಾಂಡ್ ಬೊಲೆರೋ ಬರುತ್ತೆ. ಬೇಜಾರಾದರೆ ಕ್ಷಮಿಸಿ.

ಉದ್ಯಮಬಾಗ ಕಾಕಾ (ಬೆಳಗಾವಿ), ಡಿಸೆಂಬರ್ 15, ಬೆಳಿಗ್ಗೆ 6:05

ತಮ್ಮಾ, ಮೊದಲು ಪಾನಾ ಕೆಳಗಿಡು.

ನಲವತ್ತು ವರ್ಷ ಲೇಥ್ ಮುಂದೆ ನಿಂತವನು ನಾನು. ಮನೆಯಲ್ಲಿ ರಿಪೇರಿಗೆ ಇಳಿದ ಜೀಪುಗಳು ಹೆಚ್ಚಾಗಿ ಸಾಯುವುದು ಡಬ್ಬಿಗಳಲ್ಲಿ. ಹುರುಪಿನಲ್ಲಿ ಎಲ್ಲ ಬಿಚ್ಚುತ್ತಾರೆ. ಆರು ತಿಂಗಳ ಮೇಲೆ ಯಾವ ಬೋಲ್ಟು ಎಲ್ಲಿಯದು ಅಂತ ಗೊತ್ತಾಗುವುದಿಲ್ಲ, ಹೆಂಡತಿ ಬೈಯುತ್ತಾಳೆ, ಆಮೇಲೆ ಭಂಗಾರದವನು ಬರುತ್ತಾನೆ. ಇವತ್ತಿನಿಂದ ಒಂದು ಭಾಗ ಬಿಚ್ಚಿದರೆ ಅದನ್ನು ತೊಳೆದು, ಸರಿಮಾಡಿ, ತಿರುಗಿ ಕೂಡಿಸುವ ತನಕ ಇನ್ನೊಂದಕ್ಕೆ ಕೈ ಹಾಕಬೇಡ. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗಿ. ಬೋಲ್ಟನ್ನು ಅದರ ತೂತಿಗೇ ಎರಡು ಸುತ್ತು ತಿರುಗಿಸಿ ಇಡು. ಅದಕ್ಕಿಂತ ಒಳ್ಳೆ ಡಬ್ಬಿ ಇಲ್ಲ.

ಬೋಲ್ಟಿನ ತಲೆ ದುಂಡಗಾದದ್ದು ಯಾಕೆ ಗೊತ್ತಾ? ನಿನ್ನ ಪಾನಾಗಳು ಎಂಎಂ ಲೆಕ್ಕದವು, ಜೀಪು ಇಂಚಿನ ಲೆಕ್ಕದ್ದು. ಬೋಲ್ಟಿನ ತಲೆ ನಾಲ್ಕು ಸೂತು ಅಂದರೆ ಅರ್ಧ ಇಂಚು, 12.7 ಎಂಎಂ. ಅದಕ್ಕೆ 13ರ ಪಾನಾ ಹಾಕಿದರೆ ಕೂತ ಹಾಗೆ ಅನ್ನಿಸುತ್ತೆ, ಜೋರು ಹಾಕಿದ ಕೂಡಲೇ ಜಾರುತ್ತೆ. ಆರು ಸೂತಿಗೆ 19ರ ಪಾನಾ ನಡೆಯುತ್ತೆ, ಅಷ್ಟೇ. ಇಂಚಿನ ಪಾನಾ ಸೆಟ್ಟು ಒಂದು ತಗೋ. ಬಣ್ಣದ ದುಡ್ಡು ಆಮೇಲೆ.

ಇನ್ನು ಆ ಸ್ಟಡ್ಡು. ಈ ಹಳೇ ಜೀಪುಗಳಲ್ಲಿ ಎಡಗಡೆ ಚಕ್ರಗಳಿಗೆ ಉಲ್ಟಾ ಆಟೆ, ಅಂದರೆ ಉಲ್ಟಾ ದಿಕ್ಕಿನ ತಿರುಪು ಇರುತ್ತೆ. ಚಕ್ರ ತಿರುಗುವಾಗ ನಟ್ಟು ಸಡಿಲಾಗಬಾರದು ಅಂತ ಆಗ ಹಾಗೆ ಮಾಡಿದ್ದರು. ನೀನು ಪೈಪಿನ ಮೇಲೆ ಹತ್ತಿ ನಿಂತು ನಟ್ಟನ್ನು ಬಿಚ್ಚುತ್ತಿರಲಿಲ್ಲ, ಬಿಗಿ ಮಾಡುತ್ತಿದ್ದೆ. ಸ್ಟಡ್ಡಿನ ತುದಿಯನ್ನು ತಂತಿ ಬ್ರಶ್ಶಿನಿಂದ ಉಜ್ಜಿ ನೋಡು, ಎಲ್ (ಲೆಫ್ಟ್) ಅಂತ ಅಚ್ಚು ಕಾಣಬಹುದು. ನಾನೂ ಹದಿನೆಂಟರ ವಯಸ್ಸಿನಲ್ಲಿ ಇದನ್ನೇ ಮಾಡಿ ಮಾಲೀಕರ ಕೈಯಲ್ಲಿ ಕಪಾಳಕ್ಕೆ ತಿಂದಿದ್ದೆ.

ತುಕ್ಕುರಾಯ, ಡಿಸೆಂಬರ್ 15, ಬೆಳಿಗ್ಗೆ 8:30

ಕಾಕಾ, ಎಲ್ ಇದೆ. ಐದಕ್ಕೂ ಇತ್ತು ಅನ್ನಿಸುತ್ತೆ, ಈಗ ಮೂರಕ್ಕಿದೆ.

ಗುಮ್ಮಟದ ನೆರಳು (ವಿಜಯಪುರ), ಡಿಸೆಂಬರ್ 15, ಸಂಜೆ 7:15

ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ, ರಜೆಯಲ್ಲಿ ಅಪ್ಪನ ಹಳೇ ಸ್ಕೂಟರ್ ಜೊತೆ ಗುದ್ದಾಡುತ್ತೇನೆ. ಆ್ಯಸಿಡ್ ಮಾತ್ರ ಸುರಿಯಬೇಡಿ. ಅದು ತುಕ್ಕನ್ನು ತಿಂದು, ಹಾಗೇ ಒಳ್ಳೆ ಕಬ್ಬಿಣವನ್ನೂ ತಿನ್ನುತ್ತೆ. ಅದರ ಆವಿ ತಾಗಿದರೆ ಪಕ್ಕದಲ್ಲಿಟ್ಟ ಹೊಸ ಪಾನಾಗಳೂ ಕೆಂಪಾಗುತ್ತವೆ. ಕಮಾನ್ ಪಟ್ಟಿ, ಸ್ಪ್ರಿಂಗು, ಗಟ್ಟಿ ಬೋಲ್ಟುಗಳಿಗಂತೂ ಬೇಡವೇ ಬೇಡ. ಆ್ಯಸಿಡ್ಡಿನಿಂದ ಹುಟ್ಟುವ ಹೈಡ್ರೋಜನ್ ಉಕ್ಕಿನೊಳಗೆ ಸೇರಿಕೊಂಡು, ಭಾರ ಬಿದ್ದಾಗ ಪಟ್ಟಂತ ಮುರಿಯುವ ಹಾಗೆ ಮಾಡುತ್ತೆ.

ನೀವಿರುವುದು ಕಬ್ಬಿನ ಸೀಮೆ. ಕಾಕಂಬಿ, ಅಂದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಹುಡುಕಿ. ತಮಾಷೆ ಮಾಡುತ್ತಿಲ್ಲ. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ, ತುಕ್ಕು ಹಿಡಿದ ಸಾಮಾನು ಪೂರ್ತಿ ಮುಳುಗಿಸಿ. ಒಂದರಿಂದ ಎರಡು ವಾರ ಬಿಡಿ. ಏಡಿ ತನ್ನ ಇಕ್ಕಳದಲ್ಲಿ ಹಿಡಿದ ಹಾಗೆ, ಕಾಕಂಬಿಯಲ್ಲಿರುವ ಕೆಲವು ಪದಾರ್ಥಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ನೀರಿಗೆ ಎಳೆಯುತ್ತವೆ. ಇದಕ್ಕೆ ಕೀಲೇಶನ್ ಅನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಏಡಿಯ ಇಕ್ಕಳಕ್ಕಿರುವ ಹೆಸರಿನಿಂದಲೇ ಬಂದದ್ದು. ಒಳ್ಳೆ ಕಬ್ಬಿಣಕ್ಕೆ ಹೆಚ್ಚು ಹಾನಿ ಇಲ್ಲ.

ಎರಡು ಎಚ್ಚರಿಕೆ. ಕಾರ್ಬುರೇಟರ್, ಪೆಟ್ರೋಲ್ ಪಂಪು, ಅಲ್ಯೂಮಿನಿಯಂ ಅಥವಾ ಸತುವಿನ ಯಾವ ಸಾಮಾನನ್ನೂ ಅದಕ್ಕೆ ಹಾಕಬೇಡಿ, ತಿಂದುಬಿಡುತ್ತೆ. ಹೊರಗೆ ತೆಗೆದ ಕೂಡಲೇ ಜೋರು ನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಎಣ್ಣೆ ಸವರಿ. ಚಹಾ ಕುಡಿದು ಬರುತ್ತೇನೆ ಅಂದರೆ ಅಷ್ಟರಲ್ಲಿ ಹೊಸ ತುಕ್ಕು ಅರಿಶಿನದ ಹಾಗೆ ಹತ್ತಿರುತ್ತೆ.

ಗಾಣದ ಕಾಕವಿ (ಜೋನಿ ಬೆಲ್ಲ) ತರಬೇಡಿ, ಅದು ದುಬಾರಿ, ರೊಟ್ಟಿ ಜೊತೆ ತಿನ್ನುವಂಥದ್ದು. ಸಕ್ಕರೆ ಕಾರ್ಖಾನೆಯ ಕಾಕಂಬಿ ಅಬಕಾರಿ ಲೆಕ್ಕದಲ್ಲಿರುತ್ತೆ, ನೇರ ಹೋಗಿ ಡ್ರಮ್ಮು ತುಂಬಿಸಿಕೊಳ್ಳಲು ಆಗುವುದಿಲ್ಲ. ದನದ ಮೇವಿನ ಅಂಗಡಿಯಲ್ಲಿ ಕೇಳಿ.

ಡಿಫರೆನ್ಶಿಯಲ್ ದಾದಾ (ಖಾನಾಪುರ), ಡಿಸೆಂಬರ್ 15, ರಾತ್ರಿ 9:50

ನನ್ನ ಹತ್ರ ಮಹೀಂದ್ರಾದ್ದೇ ಎಂಎಂ540 ಜೀಪು ಇದೆ, ಪ್ಯೂಜೋ ಡೀಸೆಲ್ ಇಂಜಿನ್, 2112 ಸಿಸಿ. ಖಾನಾಪುರದ ಮಳೆಯಲ್ಲಿ, ಕಾಡಿನ ಕೆಸರಿನಲ್ಲಿ ಓಡಿಸುತ್ತೇನೆ. ನನ್ನ ಸಲಹೆ ಒಂದೇ: ಆ ಪೆಟ್ರೋಲ್ ಇಂಜಿನ್ ಕಿತ್ತು ಡೀಸೆಲ್ ಕೂಡಿಸಿ. ನಮ್ಮ ಭಾಗದಲ್ಲಿ ಎಷ್ಟು ಜನ ಹಳೇ ಪೆಟ್ರೋಲ್ ಜೀಪನ್ನು ಡೀಸೆಲ್ ಮಾಡಿಕೊಂಡಿಲ್ಲ? ನೀರು ಕುಡಿದ ಇಂಜಿನ್ನಿಗೆ ದುಡ್ಡು ಸುರಿಯಬೇಡಿ.

ಉದ್ಯಮಬಾಗ ಕಾಕಾ, ಡಿಸೆಂಬರ್ 16, ಬೆಳಿಗ್ಗೆ 6:10

ದಾದಾ, ಇಂಜಿನ್ ಸತ್ತಿದೆಯೋ ಮಲಗಿದೆಯೋ ಅಂತ ಇನ್ನೂ ಯಾರೂ ನೋಡಿಲ್ಲ. ಅಷ್ಟರಲ್ಲೇ ತಿಥಿ ಊಟಕ್ಕೆ ಎಲೆ ಹಾಕಿದಿರಾ?

ಆರ್‌ಸಿ ಪುಸ್ತಕ (ಬೆಳಗಾವಿ), ಡಿಸೆಂಬರ್ 16, ಬೆಳಿಗ್ಗೆ 11:00

ಇಂಜಿನ್ ಬದಲಿಸುವ ಮುಂಚೆ ಇದನ್ನು ಓದಿ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ವಿಂಟೇಜ್ ಗಾಡಿಗಳ ಭಾಗ ಸೇರಿಸಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಇಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಕ್ಕೆ. ಆಮೇಲೆ ಮರುನೋಂದಣಿಗೆ 5,000. ನಂಬರಿನಲ್ಲಿ ರಾಜ್ಯದ ಅಕ್ಷರದ ಪಕ್ಕ ವಿಎ ಅಂತ ಬರುತ್ತೆ. ನಿಮ್ಮದು 1969, ವಯಸ್ಸಿನ ಲೆಕ್ಕದಲ್ಲಿ ಪಾಸು. ಡೀಸೆಲ್ ಕೂಡಿಸಿದರೆ ಈ ಬಾಗಿಲು ಮುಚ್ಚುತ್ತೆ.

ಆದರೆ ವಿಂಟೇಜ್ ನಂಬರ್ ತಗೊಂಡು ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಂಥದ್ದಕ್ಕೆ ಮಾತ್ರ. ಹೊಲಕ್ಕೆ, ಸಂತೆಗೆ ಹೋಗಬೇಕು ಅಂದರೆ ಮಾಮೂಲಿ ದಾರಿ: ಫಿಟ್‌ನೆಸ್ ಮಾಡಿಸಿ ಆರ್‌ಸಿ ನವೀಕರಣ, ಅದಕ್ಕೆ ಫಾರಂ 25. ಅದಕ್ಕೂ ಮುಂಚೆ ಗಾಡಿ ನಿಮ್ಮ ಹೆಸರಿಗೆ ಬರಬೇಕು. ಮಾಲೀಕರು ತೀರಿಕೊಂಡಿದ್ದರೆ ಫಾರಂ 31. ಚಿಕ್ಕಪ್ಪ, ಅತ್ತೆಯಂದಿರು ಇದ್ದರೆ ಅವರ ಒಪ್ಪಿಗೆಯನ್ನು ಈಗಲೇ ಬರೆಸಿಕೊಳ್ಳಿ. ಗಾಡಿ ಮಿಂಚಲು ಶುರುವಾದ ಮೇಲೆ ಎಲ್ಲರಿಗೂ ಅಜ್ಜನ ನೆನಪು ಜಾಸ್ತಿಯಾಗುತ್ತೆ.

ಇನ್ನೊಂದು ಮಾತು. ಚಾಸಿ ನಂಬರ್ ಇರುವ ಜಾಗಕ್ಕೆ ಗ್ರೈಂಡರ್ ಹಚ್ಚಬೇಡಿ. ಒಬ್ಬರು ತುಕ್ಕಿನ ಜೊತೆ ನಂಬರನ್ನೂ ನುಣ್ಣಗೆ ತೆಗೆದು ಬಂದಿದ್ದರು. ಮೊದಲು ಆ ಜಾಗವನ್ನು ಡೀಸೆಲ್ ಮತ್ತು ಬಟ್ಟೆಯಿಂದ ಒರೆಸಿ, ಕಾಗದ ಇಟ್ಟು ಪೆನ್ಸಿಲ್ ತೀಡಿ ಅಚ್ಚು ತಗೊಳ್ಳಿ.

ಹೊಸಬ 22 (ಬೆಳಗಾವಿ ಕ್ಯಾಂಪ್), ಡಿಸೆಂಬರ್ 16, ಮಧ್ಯಾಹ್ನ 1:30

ನಡುವೆ ಬಾಯಿ ಹಾಕುತ್ತಿದ್ದೇನೆ. ಸೈನ್ಯದವರ ಹತ್ರ ಇದ್ದ ಜೋಂಗಾ ಅಂದರೆ ಇದೇನಾ?

ಡಿಫರೆನ್ಶಿಯಲ್ ದಾದಾ, ಡಿಸೆಂಬರ್ 16, ಮಧ್ಯಾಹ್ನ 2:05

ಅಲ್ಲ. ಜೋಂಗಾ ನಿಸ್ಸಾನ್ ಪ್ಯಾಟ್ರೋಲ್ ವಿನ್ಯಾಸದ್ದು, ಜಬಲ್ಪುರದ ಸೈನ್ಯದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ಆರು ಸಿಲಿಂಡರ್, 3956 ಸಿಸಿ. ಹೆಸರು ಪ್ಯಾಟ್ರೋಲ್, ಕುಡಿಯುವುದು ಪೆಟ್ರೋಲು, ಅದೂ ಮದುವೆ ಮನೆಗೆ ಬಂದ ಹಾಗೆ.

ಉದ್ಯಮಬಾಗ ಕಾಕಾ, ಡಿಸೆಂಬರ್ 18, ಬೆಳಿಗ್ಗೆ 6:20

ಇಂಜಿನ್ ಮಾತಿಗೆ ಬರೋಣ. ನಿನ್ನದು ಹರಿಕೇನ್ ಇಂಜಿನ್, ನಾಲ್ಕು ಸಿಲಿಂಡರ್, 2199 ಸಿಸಿ. ಇದರಲ್ಲೊಂದು ವಿಚಿತ್ರ ಇದೆ. ಗಾಳಿ, ಪೆಟ್ರೋಲು ಒಳಗೆ ಬಿಡುವ ವಾಲ್ವು ಮೇಲೆ ಹೆಡ್ಡಿನಲ್ಲಿ, ಅಂದರೆ ಇಂಜಿನ್ನಿನ ಮುಚ್ಚಳದಲ್ಲಿ. ಹೊಗೆ ಹೊರಗೆ ಬಿಡುವ ವಾಲ್ವು ಕೆಳಗೆ ಬ್ಲಾಕಿನಲ್ಲಿ. ಇದರಿಂದ ಇಂಜಿನ್ನಿನ ಎತ್ತರ ಜಾಸ್ತಿಯಾಯಿತು, ಅದನ್ನು ಮುಚ್ಚಲು 1953ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿಯವರು ಬಾನೆಟ್ಟನ್ನೇ ಎತ್ತರಿಸಿದರು. ನಿಮ್ಮ ಅಜ್ಜನ ಜೀಪು ಗದ್ದ ಎತ್ತಿ ನೋಡಿದ ಹಾಗೆ ಕಾಣುವುದು ಅದಕ್ಕೇ. ಅಲ್ಲಿ 1968ಕ್ಕೆ ನಿಂತರೂ ಮಹೀಂದ್ರಾದವರು ಇಲ್ಲಿ ಮಾಡುತ್ತಲೇ ಹೋದರು.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚು. ಡೀಸೆಲ್ ಅರ್ಧ, ಪವರ್ ಸ್ಟಿಯರಿಂಗಿಗೆ ಹಾಕುವ ಕೆಂಪು ಎಟಿಎಫ್ ಎಣ್ಣೆ ಅರ್ಧ ಕಲಸಿ, ಒಂದೊಂದು ಸಿಲಿಂಡರಿಗೆ ಚಹಾ ಲೋಟದ ಅರ್ಧದಷ್ಟು ಹಾಕು. ಇಳಿದು ಹೋದರೆ ಮತ್ತೆ ಹಾಕು. ವಾರಗಟ್ಟಲೆ ಬಿಡು. ಆಮೇಲೆ ಮುಂದಿನ ತೂತಿಗೆ ಹ್ಯಾಂಡಲ್ ಹಾಕಿ ಮೆಲ್ಲಗೆ ಒತ್ತಿ ನೋಡು. ಬಿಡಿಸುವ ಕೆಲಸ ಎಣ್ಣೆಯದು, ತೋಳಿನದಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಗೇರಿನಲ್ಲಿ ಎಳೆ ಅನ್ನುವವರು ನಿಮ್ಮೂರಲ್ಲಿ ಹತ್ತು ಜನ ಸಿಗುತ್ತಾರೆ. ಅವರ ಮಾತು ಕೇಳಿದರೆ ಪಿಸ್ಟನ್ನಿನ ರಿಂಗು ಮುರಿಯುತ್ತೆ, ಇಲ್ಲವೇ ಕನೆಕ್ಟಿಂಗ್ ರಾಡ್ ಬಾಗುತ್ತೆ.

ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಉಳಿದ ನಾಲ್ಕು ಬೆರಳಿನ ಕಡೆಗೇ ಇಡು, ಸುತ್ತಿ ಹಿಡಿಯಬೇಡ. ಮುಂದೊಂದು ದಿನ ಇಂಜಿನ್ ಹೊತ್ತಿಕೊಂಡು ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತೆ. ಈಗಿನಿಂದಲೇ ರೂಢಿ ಆಗಲಿ.

ಎಣ್ಣೆ ಇಳಿಸುವಾಗಲೂ ಒಂದು ಕ್ರಮ ಇದೆ. ಗೇರ್ ಬಾಕ್ಸು, ಡಿಫರೆನ್ಶಿಯಲ್ಲು (ಆಕ್ಸಲ್ ನಡುವಿನ ಗೇರಿನ ಗುಂಡು) ಇವುಗಳಲ್ಲಿ ಮೊದಲು ಮೇಲಿನ ಬೋಲ್ಟು, ಅಂದರೆ ಎಣ್ಣೆ ತುಂಬುವ ಬೋಲ್ಟು ಬಿಚ್ಚುತ್ತದಾ ನೋಡು. ಕೆಳಗಿನದನ್ನು ಬಿಚ್ಚಿ ಎಲ್ಲ ಇಳಿಸಿದ ಮೇಲೆ ಮೇಲಿನದು ಜಾಮ್ ಅಂದರೆ ಏನು ಮಾಡುತ್ತೀಯ? ಕೆಳಗೆ ಬಿಳಿ ಬೋಗುಣಿ ಇಡು. ನೀರು ಸೇರಿದ್ದರೆ ಅದೇ ಮೊದಲು ಬರುತ್ತೆ, ಎಣ್ಣೆ ಮೇಲೆ ತೇಲುತ್ತಿರುತ್ತೆ. ಗೇರ್ ಬಾಕ್ಸು, ಅದರ ಹಿಂದಿನ ಫೋರ್ ವೀಲ್ ಬಾಕ್ಸು ಎರಡಕ್ಕೂ ಎಣ್ಣೆ ಓಡಾಡುವ ದಾರಿ ಒಂದೇ. ಒಂದರಲ್ಲಿ ನೀರಿದ್ದರೆ ಇನ್ನೊಂದರಲ್ಲೂ ಇದೆ.

ತುಕ್ಕುರಾಯ, ಡಿಸೆಂಬರ್ 22, ರಾತ್ರಿ 11:10

ಕಾಕಾ, ಇವತ್ತು ಗೇರ್ ಬಾಕ್ಸ್ ಎಣ್ಣೆ ಇಳಿಸಿದೆ. ಮೊದಲು ಸುಮಾರು ಒಂದು ತಂಬಿಗೆ ನೀರು, ಆಮೇಲೆ ಬೆಲ್ಲದ ಚಹಾದ ಬಣ್ಣದ್ದೇನೋ, ಕೊನೆಗೆ ಮೊಸರಿನಂಥ ಗಟ್ಟಿ. ಬೋಗುಣಿ ತಳದಲ್ಲಿ ಎರೆ ಮಣ್ಣು. ಹೊಳೆ ಐದಾರು ವರ್ಷ ಅದರೊಳಗೇ ಇತ್ತು ನೋಡಿ. ಸಿಲಿಂಡರಿಗೆ ಎಣ್ಣೆ ಹಾಕಿದ್ದೇನೆ.

ಕಾಕಂಬಿ ಸಿಕ್ಕಿತು. ಮಹಾಲಿಂಗಪುರದ ಹತ್ರ ಮೇವಿನ ಅಂಗಡಿಯವರು ಕ್ಯಾನಿಗೆ ಹಾಕುವಾಗ ಎಷ್ಟು ದನ ಇವೆ ಅಂತ ಕೇಳಿದರು. ಜೀಪಿಗೆ ಅಂದೆ. ಕ್ಯಾನು ಕೆಳಗಿಟ್ಟು ನನ್ನ ಮುಖ ನೋಡಿದರು.

ಗುಮ್ಮಟದ ನೆರಳು, ಡಿಸೆಂಬರ್ 23, ಬೆಳಿಗ್ಗೆ 9:00

ಡ್ರಮ್ಮಿನ ಮೇಲೆ ಮುಚ್ಚಳ ಇರಲಿ. ಇರುವೆ, ನೊಣ ಅಷ್ಟೇ ಅಲ್ಲ, ದನ ಬಂದಾವು.

ತುಕ್ಕುರಾಯ, ಡಿಸೆಂಬರ್ 29, ಸಂಜೆ 6:40

ಅಕ್ಕಾ, ನಿಮ್ಮ ಬಾಯಲ್ಲಿ ಏನಿದೆಯೋ. ನಿನ್ನೆ ನಮ್ಮ ಎಮ್ಮೆ ಗೂಟ ಕಿತ್ತುಕೊಂಡು ಬಂದು ಮುಚ್ಚಳ ಉರುಳಿಸಿ ಮೂತಿ ಹಾಕಿತು. ಅವ್ವ ಪೊರಕೆ ಹಿಡಿದು ಓಡಿದಳು, ಎಮ್ಮೆಯ ಹಿಂದೆ ಅಲ್ಲ, ನನ್ನ ಹಿಂದೆ. ಎರಡು ಗುಟುಕಿಗಿಂತ ಜಾಸ್ತಿ ಕುಡಿದಿಲ್ಲ, ಆರಾಮಾಗಿದೆ. ಆದರೂ ದನದ ಡಾಕ್ಟರಿಗೆ ತೋರಿಸಿದೆ. ಅವರು ನಗು ತಡೆದುಕೊಂಡು ಬರೆದರು.

ಒಳಗೆ ಏನೇನಿದೆ ಅಂದರೆ: ಒಂದು ಬ್ರೇಕ್ ಡ್ರಮ್, ಬಾನೆಟ್ಟಿನ ಕೊಂಡಿಗಳು, ತುಪ್ಪದ ಡಬ್ಬಿಯ ಬೋಲ್ಟುಗಳೆಲ್ಲ. ಇವತ್ತು ಏಳನೇ ದಿನ. ಒಂದು ಕೊಂಡಿ ತೆಗೆದು ನೋಡಿದೆ. ಮೇಲೆ ಕಪ್ಪು ಲೋಳೆ. ಬ್ರಶ್ಶಿನಿಂದ ತಿಕ್ಕಿ ನೀರು ಹಾಕಿದೆ. ಕೆಳಗೆ ಬೂದು ಬಣ್ಣದ ಬರಿಯ ಕಬ್ಬಿಣ. ಅದರ ಮೇಲೆ ಅಚ್ಚಾದ ಅಂಕಿಗಳು ಕಾಣುತ್ತಿವೆ ರೀ! ಅಜ್ಜನ ಕಾಲದಲ್ಲೂ ಅದು ಬಣ್ಣದ ಕೆಳಗೆ ಮುಚ್ಚಿಹೋಗಿತ್ತೋ ಏನೋ. ಹತ್ತು ನಿಮಿಷ ಕೈಯಲ್ಲಿ ಹಿಡಿದುಕೊಂಡೇ ಕೂತೆ.

ಗುಮ್ಮಟದ ನೆರಳು, ಡಿಸೆಂಬರ್ 29, ಸಂಜೆ 7:05

ಹಿಡಿದುಕೊಂಡು ಕೂತಿರಿ, ಆದರೆ ಎಣ್ಣೆ ಸವರಿದಿರಾ? ಮತ್ತೆ ಆ ನೀರನ್ನು ದನಕ್ಕೆ ತಾಗಿಸಬೇಡಿ, ತಿಪ್ಪೆಗೂ ಸುರಿಯಬೇಡಿ. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಅದೇ ಕಾರಣಕ್ಕೆ ಹಳೇ ಬಣ್ಣವನ್ನು ಒಣಗಿದ ಹಾಗೇ ಉಜ್ಜಬೇಡಿ, ನೀರು ಹಾಕಿ ಉಜ್ಜಿ, ಮಾಸ್ಕ್ ಹಾಕಿ. ಬ್ರೇಕ್ ಡ್ರಮ್ಮಿನ ಧೂಳನ್ನು ಬಾಯಿಂದಲೋ ಗಾಳಿ ಪೈಪಿನಿಂದಲೋ ಊದಬೇಡಿ, ಹಳೇ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸಿ ಬಟ್ಟೆ ಎಸೆಯಿರಿ.

ತುಕ್ಕುರಾಯ, ಡಿಸೆಂಬರ್ 29, ಸಂಜೆ 7:20

ಸವರಿರಲಿಲ್ಲ. ಅರಿಶಿನ ಹತ್ತಿದೆ.

ಪತ್ರಾ ಮಿಸ್ತ್ರಿ (ಜಮಖಂಡಿ), ಜನವರಿ 4, ರಾತ್ರಿ 8:30

ತಡವಾಗಿ ನೋಡಿದೆ. ನೆಲದ ತಗಡಿನ ಬಗ್ಗೆ ಯಾರೂ ಬರೆದಿಲ್ಲ. ಹರಿಯಾಣದ ಡಬವಾಲಿ ಕಡೆಯಿಂದ ಜೀಪಿನ ರೆಡಿ ಬಾಡಿ ಬರುತ್ತೆ, ಅದನ್ನು ತರಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆರ್‌ಸಿ ಪುಸ್ತಕದವರು ಬರೆದದ್ದನ್ನು ಇನ್ನೊಂದು ಸಲ ಓದಿ. ನನ್ನನ್ನು ಕೇಳಿದರೆ ಹಳೇ ಬಾಡಿಯಲ್ಲಿ ಉಳಿಸುವಂಥದ್ದು ಇರುತ್ತೆ. ಸುತ್ತಿಗೆಯ ಹಿಡಿಕೆಯಿಂದ ನೆಲವನ್ನೆಲ್ಲ ತಟ್ಟುತ್ತಾ ಹೋಗಿ. ಟಣ್ ಅಂದರೆ ಬಿಡಿ. ಡಬ್ ಅಂದರೆ ಸೀಮೆಸುಣ್ಣದಿಂದ ಗೆರೆ ಹಾಕಿ. ಗೆರೆಯಿಂದ ಎರಡು ಬೆರಳು ಆಚೆಗೆ ಕತ್ತರಿಸಬೇಕು, ಒಳ್ಳೆ ತಗಡು ಸಿಗುವ ತನಕ. 18 ಗೇಜಿನ ತಗಡು ತನ್ನಿ, ಸುಮಾರು 1.2 ಎಂಎಂ.

ಬಾಡಿಯನ್ನು ಚಾಸಿಯಿಂದ ಎತ್ತಿದ ಮೇಲೆ ನೆಲ ಕತ್ತರಿಸಬೇಡಿ. ಚಾಸಿಗೆ ಬಿಗಿದಿರುವಾಗಲೇ ಕತ್ತರಿಸಿ. ಜೀಪಿಗೆ ಬಾಗಿಲಿಲ್ಲ, ಆ ಖಾಲಿ ಜಾಗಕ್ಕೆ ಅಡ್ಡಲಾಗಿ ಆ್ಯಂಗಲ್ ಪಟ್ಟಿಯೊಂದನ್ನು ವೆಲ್ಡ್ ಮಾಡಿ ಆಮೇಲೆ ಕೈ ಹಾಕಿ. ಇಲ್ಲದಿದ್ದರೆ ಬಾಡಿ ನಡುವೆ ಬಾಗಿ, ಮುಂದೆ ಯಾವ ತೂತೂ ಯಾವ ತೂತಿಗೂ ಕೂಡುವುದಿಲ್ಲ. ವೆಲ್ಡಿಂಗ್ ಚುಕ್ಕೆ ಚುಕ್ಕೆಯಾಗಿ, ಒಂದು ಇಲ್ಲಿ, ಮುಂದಿನದು ಅಲ್ಲಿ. ಒಂದೇ ಕಡೆ ಎಳೆಯುತ್ತಾ ಹೋದರೆ ತಗಡು ಹಪ್ಪಳವಾಗುತ್ತೆ.

ನೆಲದ ಕೆಳಗೆ ಟೋಪಿಯಂತೆ ಮಡಚಿದ ಉದ್ದ ಪಟ್ಟಿಗಳಿವೆ. ಅದರೊಳಗೆ ಬೆರಳು ಹಾಕಿ ನೋಡಿ, ಹೊಳೆಯ ಮಣ್ಣು ಪೂರ್ತಿ ತುಂಬಿರುತ್ತೆ. ಅದನ್ನು ಬಿಟ್ಟು ಮೇಲೆ ಎಷ್ಟು ಚಂದ ಬಣ್ಣ ಹೊಡೆದರೂ ಎರಡು ಮಳೆಗಾಲಕ್ಕೆ ಕೆಳಗಿಂದ ತಿಂದು ಬರುತ್ತೆ. ರೆಡ್ ಆಕ್ಸೈಡ್ ಹೊಡೆದು ಹಾಗೇ ಬಿಡುವುದೂ ಬೇಡ, ಅದು ತೇವ ಹೀರುತ್ತೆ. ಎಪಾಕ್ಸಿ ಪ್ರೈಮರ್ ಹಾಕಿ.

ಡಿಫರೆನ್ಶಿಯಲ್ ದಾದಾ, ಜನವರಿ 4, ರಾತ್ರಿ 9:00

ಚಾಸಿಯನ್ನು ಬೆಳಗಾವಿಗೆ ಕಳಿಸಿ ಬ್ಲಾಸ್ಟಿಂಗ್, ಅಂದರೆ ಗಾಳಿಯ ಜೋರಿನಲ್ಲಿ ಹರಳು ಹೊಡೆದು ತುಕ್ಕು ತೆಗೆಸುವುದು, ಮಾಡಿಸಬಹುದಲ್ಲ? ಫೌಂಡ್ರಿಗಳ ಊರು, ಅದಕ್ಕೇನು ಬರ.

ಉದ್ಯಮಬಾಗ ಕಾಕಾ, ಜನವರಿ 5, ಬೆಳಿಗ್ಗೆ 6:00

ಚಾಸಿಗೆ ಆದೀತು, ಅದು ದಪ್ಪ. ಬಾಡಿ ತಗಡಿಗೆ ಬೇಡ. ಎರಕದ ಸಾಮಾನಿಗೆ ಹೊಡೆಯುವ ಜೋರಿನಲ್ಲೇ ತಗಡಿಗೂ ಹೊಡೆದರೆ ಬಿಸಿಯಾಗಿ ಉಬ್ಬುತ್ತೆ. ಆದರೆ ತಮ್ಮಾ, ಅದು ಈಗಲ್ಲ. ಚಾಸಿ ಕಳಿಸಬೇಕಾದರೆ ಎಲ್ಲ ಬಿಚ್ಚಬೇಕು. ನನ್ನ ಮೊದಲ ಮಾತು ನೆನಪಿದೆಯಲ್ಲ?

ತುಕ್ಕುರಾಯ, ಜನವರಿ 11, ರಾತ್ರಿ 9:15

ಒಂದು ತಪ್ಪು ಒಪ್ಪಿಕೊಳ್ಳಬೇಕು. ಹಿಂದಿನ ಭಾಗವನ್ನು ಜಾಕಿನಿಂದ ಎತ್ತಿ ಎರಡು ಇಟ್ಟಿಗೆ ಗೂಡಿನ ಮೇಲೆ ನಿಲ್ಲಿಸಿದ್ದೆ. ಕೆಳಗೆ ಮಲಗಿ ಮಣ್ಣು ಕೆರೆಯುತ್ತಿದ್ದೆ. ಅವ್ವ ಊಟಕ್ಕೆ ಕರೆದಳು, ಎದ್ದು ಬಂದೆ. ಕೈ ತೊಳೆಯುವಾಗ ಹಿಂದೆ ಸಣ್ಣ ಸಪ್ಪಳ. ಒಂದು ಇಟ್ಟಿಗೆ ಪುಡಿಯಾಗಿ ಜೀಪು ಆ ಕಡೆ ಕೂತಿತ್ತು. ನಾನು ಮಲಗಿದ್ದ ಗೋಣಿಚೀಲದ ಮೇಲೆ ಆಕ್ಸಲ್.

ಊಟ ಸೇರಲಿಲ್ಲ.

ಉದ್ಯಮಬಾಗ ಕಾಕಾ, ಜನವರಿ 11, ರಾತ್ರಿ 9:25

ನಾಳೆ ಕೆಲಸ ಬೇಡ. ಕಬ್ಬಿಣದ ಸ್ಟ್ಯಾಂಡು ನಾಲ್ಕು ತಗೋ, ಇಲ್ಲವೇ ರೈಲ್ವೆ ಸ್ಲೀಪರಿನಂಥ ದಪ್ಪ ಕಟ್ಟಿಗೆ ತುಂಡು ಅಡ್ಡಡ್ಡ ಜೋಡಿಸು. ಇಟ್ಟಿಗೆ ಗೋಡೆಗೆ. ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ಹೇಳು.

ತುಕ್ಕುರಾಯ, ಜನವರಿ 19, ರಾತ್ರಿ 8:00

ಸಂಕ್ರಾಂತಿ ಮುಗಿಸಿ ಬಂದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ ಭರ್ಜರಿ ಆಯಿತು. ಹೊಸ ಸ್ಟ್ಯಾಂಡು ಬಂದಿವೆ.

ಈಗ ಸುದ್ದಿ. ಎಣ್ಣೆ ಹಾಕಿ 28 ದಿನ. ದಿನಾ ಕೆಲಸದಿಂದ ಬಂದು ಹ್ಯಾಂಡಲ್ ಮೇಲೆ ಕೈ ಇಟ್ಟು ಒಂದು ಸಲ ಒತ್ತಿ ನೋಡುವುದು ದೇವರಿಗೆ ಕೈ ಮುಗಿದ ಹಾಗೆ ಆಗಿಬಿಟ್ಟಿತ್ತು. ಇವತ್ತು ಸಂಜೆಯೂ ಹಾಗೇ ಒತ್ತಿದೆ. ಒಳಗೆ ಕಟಕ್ ಅಂತ, ಗೋಡೆಯ ಮೊಳೆ ಸಡಿಲಾದ ಹಾಗೆ. ಹ್ಯಾಂಡಲ್ ಒಂದು ಗೇಣು ಕೆಳಗೆ ಹೋಯಿತು. ನನ್ನ ಕೈ ನಡುಗಿತು. ಹಿಂದಕ್ಕೆ ತಂದೆ. ಮತ್ತೆ ಮುಂದಕ್ಕೆ. ಮೂರನೇ ಸಲ ಪ್ಲಗ್ ತೂತಿನಿಂದ ಕಪ್ಪು ಎಣ್ಣೆ ಪಿಚಕ್ ಅಂತ ಹಾರಿ ಅಂಗಿಗೆ ಬಿತ್ತು. ಪೂರ್ತಿ ಒಂದು ಸುತ್ತು ಬರಲು ಅರ್ಧ ಗಂಟೆ ಹಿಡಿಯಿತು. ಅಪ್ಪ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಎದ್ದು ಒಳಗೆ ಹೋಗಿ ಅಜ್ಜನ ಹಳೇ ಕೀ ಗೊಂಚಲು ತಂದು ಬಾನೆಟ್ಟಿನ ಮೇಲಿಟ್ಟು ಹೋದರು. ಬಾನೆಟ್ಟು ಅಂಗಳದಲ್ಲಿ ನೆಲದ ಮೇಲಿದೆ, ಇರಲಿ.

ಖಾಲಿ ಟ್ಯಾಂಕ್, ಜನವರಿ 19, ರಾತ್ರಿ 8:12

ಭಂಗಾರ ಅಂದಿದ್ದೆನಲ್ಲ, ವಾಪಸ್ ತಗೊಂಡೆ.

ಉದ್ಯಮಬಾಗ ಕಾಕಾ, ಜನವರಿ 20, ಬೆಳಿಗ್ಗೆ 5:50

ಭೇಷ್. ಈಗಲೇ ಸ್ಟಾರ್ಟ್ ಮಾಡಲು ಹೋಗಬೇಡ. ಸಂಪು, ಅಂದರೆ ಇಂಜಿನ್ ಕೆಳಗಿನ ಎಣ್ಣೆ ತಟ್ಟೆ, ಬಿಚ್ಚಿ ಕೆಸರು ತೆಗಿ, ಎಣ್ಣೆ ಪಂಪಿನ ಜಾಳಿಗೆ ತೊಳಿ. ಹೆಡ್ಡು ತೆಗೆದು ಬ್ಲಾಕಿನ ನಾಲ್ಕೂ ವಾಲ್ವು ಏರಿಳಿಯುತ್ತಾವಾ ನೋಡು. ಒಂದಾದರೂ ಸಿಕ್ಕಿಕೊಂಡಿರುತ್ತೆ. ಅದಕ್ಕೂ ಎಣ್ಣೆ, ಅದಕ್ಕೂ ತಾಳ್ಮೆ, ಕಟ್ಟಿಗೆಯ ತುಂಡಿನಿಂದ ಮೆಲ್ಲಗೆ ತಟ್ಟು.

ಅದಕ್ಕಿಂತ ಮೊದಲು ಬ್ರೇಕು. ಓಡುವ ಮುಂಚೆ ನಿಲ್ಲುವುದು ಕಲಿಯಲಿ. ಈ ಜೀಪಿಗೆ ಬ್ರೇಕ್ ಎಣ್ಣೆಯ ದಾರಿ ಒಂದೇ. ಒಂದು ಪೈಪು ತೂತಾದರೆ ನಾಲ್ಕೂ ಚಕ್ರದ ಬ್ರೇಕು ಹೋಯಿತು. ಹಳೇ ಪೈಪು ಒಂದೂ ಇಡಬೇಡ, ಎಲ್ಲ ಹೊಸದು. ಹಿಂದಿನ ಡ್ರಮ್ಮು ಬರಬೇಕಾದರೆ ಹಬ್ ಪುಲ್ಲರ್ (ಚಕ್ರದ ಗುಂಬವನ್ನು ಎಳೆದು ತೆಗೆಯುವ ಸಾಮಾನು) ಬೇಕು. ಆಕ್ಸಲ್ ತುದಿಯ ದೊಡ್ಡ ನಟ್ಟನ್ನು ಸಡಿಲ ಮಾಡು, ಪೂರ್ತಿ ತೆಗೆಯಬೇಡ. ಹಬ್ಬು ಬಿಟ್ಟುಕೊಳ್ಳುವಾಗ ಗುಂಡಿನ ಹಾಗೆ ಹಾರುತ್ತೆ. ನಟ್ಟು ಅದನ್ನು ತಡೆಯುತ್ತೆ.

ಗುಮ್ಮಟದ ನೆರಳು, ಜನವರಿ 20, ಸಂಜೆ 6:30

ಜೀಪಿನ ಪೆಟ್ರೋಲ್ ಪಂಪಿನೊಳಗಿನ ಡಯಾಫ್ರಾಮ್ (ರಬ್ಬರಿನ ಪೊರೆ), ರಬ್ಬರ್ ಪೈಪು ಕೂಡ ಹೊಸದು ಹಾಕಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್ ಇರುತ್ತೆ, ಅದು 1969ರ ರಬ್ಬರನ್ನು ಮೆತ್ತಗೆ ಮಾಡಿ ಉಬ್ಬಿಸುತ್ತೆ. ಎಥೆನಾಲ್ ತಡೆಯುವ ವೈಟಾನ್ ರಬ್ಬರಿನದು ಕೇಳಿ. ಎಥೆನಾಲ್ ನೀರನ್ನೂ ಹೀರುತ್ತೆ, ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಬಿಡಬೇಡಿ. ಆ ಎಥೆನಾಲ್ ಎಲ್ಲಿಂದ ಬರುತ್ತೆ? ಒಂದಷ್ಟು ನಿಮ್ಮ ಸೀಮೆಯ ಕಾಕಂಬಿಯಿಂದಲೇ. ಡ್ರಮ್ಮಿನಲ್ಲಿ ಜೀಪನ್ನು ಉಳಿಸುತ್ತಿರುವುದೂ ಅದೇ, ಟ್ಯಾಂಕಿನಲ್ಲಿ ಕೆಡಿಸಲು ಬರುವುದೂ ಅದೇ.

ಟ್ಯಾಂಕು ತೂತಾಗಿದ್ದರೆ ನೀವೇ ವೆಲ್ಡಿಂಗ್ ಮಾಡಬೇಡಿ. ಇಪ್ಪತ್ತು ವರ್ಷ ಖಾಲಿ ಇದ್ದರೂ ಒಳಗೆ ಆವಿ ಇರಬಹುದು.

ತುಕ್ಕುರಾಯ, ಫೆಬ್ರವರಿ 8, ರಾತ್ರಿ 9:40

ಕಾಕಾ ಹೇಳಿದ ಹಾಗೇ ಆಯಿತು. ಮೂರನೇ ಸಿಲಿಂಡರಿನ ವಾಲ್ವು ಸಿಕ್ಕಿಕೊಂಡಿತ್ತು, ಒಂಬತ್ತು ದಿನಕ್ಕೆ ಬಿಟ್ಟಿತು. ನಾಲ್ಕೂ ಚಕ್ರ ಕೈಯಲ್ಲಿ ತಿರುಗುತ್ತವೆ. ಹೊಸ ಪೈಪು, ಹೊಸ ವೀಲ್ ಸಿಲಿಂಡರ್, ಡಾಟ್ 3 ಬ್ರೇಕ್ ಎಣ್ಣೆ. ನಾಲ್ಕು ಜನ ನೂಕಿದರು, ನಾನು ಬ್ರೇಕ್ ಒತ್ತಿದೆ, ನಿಂತಿತು. ನೂಕುವವರು ಮುಗ್ಗರಿಸಿದರು.

ಕಾರ್ಬುರೇಟರಿನ ಕತೆ ಬೇರೆ. ಶುಚಿ ಮಾಡಿಸಲು ಪೇಟೆಯ ಒಂದು ಗ್ಯಾರೇಜಿಗೆ ಕೊಟ್ಟಿದ್ದೆ, ಹೆಸರು ಬೇಡ. ವಾಪಸ್ ಬರುವಾಗ ಒಂದು ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ತಿರುಪು) ಇರಲಿಲ್ಲ. ಮೊದಲೇ ಇರಲಿಲ್ಲ ಅಂದರು. ನನ್ನ ಹತ್ರ ಫೋಟೋ ಇತ್ತು! ತೋರಿಸಿದೆ. ಆಮೇಲೆ ಬೆಂಚಿನ ಕೆಳಗೆ ಸಿಕ್ಕಿತು.

ನಾಳೆ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಸೆಟ್ ಮಾಡಬೇಕು. 0.020 ಇಂಚು ಸಂದಿ ಅಂತ ಓದಿದೆ. ಇಲ್ಲಿ ಇಂಚಿನ ಫೀಲರ್ ಗೇಜು, ಅಂದರೆ ಸಂದಿ ಅಳೆಯುವ ತೆಳು ಪಟ್ಟಿಗಳ ಸೆಟ್ಟು, ಯಾವ ಅಂಗಡಿಯಲ್ಲೂ ಇಲ್ಲ. ಬ್ಲೇಡ್ ಇಟ್ಟು ಅಂದಾಜು ಮಾಡಲಾ?

ಉದ್ಯಮಬಾಗ ಕಾಕಾ, ಫೆಬ್ರವರಿ 9, ಬೆಳಿಗ್ಗೆ 5:55

ಅಂದಾಜು ಬೇಡ. ನನ್ನ ಹತ್ರ ಎರಡು ಇವೆ, ಒಂದರ ಮೇಲೆ ನನ್ನ ಮಾಲೀಕರ ಹೆಸರಿನ ಅಕ್ಷರ ಕೊರೆದಿದೆ. ಅದನ್ನೇ ಕಳಿಸುತ್ತಿದ್ದೇನೆ. ಬೆಳಗಾವಿಯಿಂದ ಮುಧೋಳಕ್ಕೆ ಬರುವ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರ್ ಕೈಗೆ ಕೊಡುತ್ತೇನೆ. ಮಧ್ಯಾಹ್ನ ಸ್ಟ್ಯಾಂಡಿಗೆ ಬಂದು ತಗೋ. ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಲ್ಲಿ ಕಿಡಿ ಹಾರುವ ಸರದಿ, 1-3-4-2, ವೈರುಗಳಿಗೆ ಈಗಲೇ ಚೀಟಿ ಅಂಟಿಸು. ಗೇಜು ಕೆಲಸ ಮುಗಿದ ಮೇಲೆ ವಾಪಸ್ ಬೇಕು. ಅಂಚೆಯಲ್ಲಿ ಕಳಿಸಬೇಡ, ಜೀಪಿನಲ್ಲೇ ತಗೊಂಡು ಬಾ.